15 ವರ್ಷ ತುಂಬಿದ ಪೊಲೀಸ್ ಠಾಣೆ ಗಾಡಿಗಳ ಬದಲಿಗೆ ಯಾವುದು: ಡೀಸೆಲ್ ಬೊಲೆರೊನಾ, ಪೆಟ್ರೋಲ್ ಎರ್ಟಿಗಾನಾ?

ಎಂಟಿ_ರಾಯಚೂರು
ಎಲ್ಲರಿಗೂ ನಮಸ್ಕಾರ. 2011ರಲ್ಲಿ ನೋಂದಣಿಯಾದ ಗಾಡಿಗಳಿಗೆ 2026ಕ್ಕೆ 15 ವರ್ಷ ತುಂಬುತ್ತೆ, ಬದಲಿ ಪ್ರಸ್ತಾವನೆ ಬರೀಬೇಕು. ಅರ್ಧ ಗಾಡಿ ಪೇಟೆ ಠಾಣೆಗಳಿಗೆ, ಉಳಿದವು ದೇವದುರ್ಗ, ಮಸ್ಕಿ, ಸಿಂಧನೂರು ಕಡೆಗೆ. ಎಲ್ಲಕ್ಕೂ ಒಂದೇ ಮಾಡೆಲ್ ಇದ್ರೆ ಬಿಡಿಭಾಗಕ್ಕೆ ಅನುಕೂಲ ಅಂತಾರೆ. ಆದ್ರೆ ಪೇಟೆಯೊಳಗಿನ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿಗಳು ಹೆಚ್ಚು ಓಡದೇ ಇದ್ರೂ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ದೀಪ ಹೊತ್ತಿ ಪಿಕಪ್ ಬಿಡ್ತಿವೆ. ಕಾರಣ ಏನ್ರಿ? 15 ವರ್ಷ ದಾಟಿದ ಸರ್ಕಾರಿ ಗಾಡಿಯ ನೋಂದಣಿ ರದ್ದು ಅನ್ನೋ ನಿಯಮದಿಂದ ಪೊಲೀಸ್ ಗಾಡಿಗೆ ವಿನಾಯಿತಿ ಇದೆಯಾ?

ಡೀಸೆಲ್_ಹೊಸಪೇಟೆ
ಹೆಚ್ಚು ಓಡದೇ ಇರೋದೇ ಕಾರಣ ಸರ್. ಡಿಪಿಎಫ್‌ನಲ್ಲಿ ಕೂತ ಮಸಿ ಸುಡಬೇಕಾದ್ರೆ ಒಳಗೆ ಸುಮಾರು 600 ಡಿಗ್ರಿ ಬಿಸಿ ಬೇಕು. ಸರ್ಕಲ್‌ನಲ್ಲಿ ಎಸಿ ಹಾಕಿ ನಿಂತ ಗಾಡಿಯ ಹೊಗೆ 200 ಡಿಗ್ರಿ ಮುಟ್ಟೋದೂ ಕಷ್ಟ. ಬಿಸಿ ಏರಿಸೋಕೆ ಗಾಡಿ ತಾನೇ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತೆ. ಅಷ್ಟರಲ್ಲಿ ಡ್ರೈವರ್ ಕೀ ತಿರುಗಿಸಿ ಆಫ್ ಮಾಡ್ತಾನೆ. ಸುಡದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ರೆ ‘ಆಯಿಲ್ ಚೆನ್ನಾಗಿದೆ’ ಅಂತ ಬಿಡಬೇಡಿ. ಮೇಲಿನ ಗೆರೆ ದಾಟಿದ್ದರೆ ಅವತ್ತೇ ಬದಲಿಸಿ, ಇಲ್ಲಾಂದ್ರೆ ಬೇರಿಂಗ್, ಟರ್ಬೊ ಎರಡೂ ಹೋಗ್ತವೆ. ಹಾಕೋ ಆಯಿಲ್ ಕಂಪನಿ ಹೇಳಿದ ಕಡಿಮೆ ಬೂದಿಯ ದರ್ಜೆಯದ್ದೇ ಇರಲಿ. ಮಸಿ ಸುಡುತ್ತೆ, ಆಯಿಲ್‌ನ ಬೂದಿ ಸುಡಲ್ಲ, ಡಿಪಿಎಫ್‌ನಲ್ಲೇ ಉಳಿಯುತ್ತೆ.

ದೀಪ ಹೊತ್ತಿದ ಕೂಡಲೇ ಗಾಡಿಯನ್ನ ಲಿಂಗಸುಗೂರು ರಸ್ತೆಗೋ ಮಾನ್ವಿ ರಸ್ತೆಗೋ ಒಯ್ದು 60ರ ಮೇಲೆ, 2000 ಆರ್‌ಪಿಎಂ ಬಿಡದೆ, 20 ನಿಮಿಷ ಓಡಿಸಬೇಕು. ಈ ಮಾತು ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿರಲಿ.

ಇನ್ನು ಸರ್ವಿಸ್ ಲೆಕ್ಕ. ಅಮೆರಿಕದ ಪೊಲೀಸ್ ಗಾಡಿಗಳಿಗೆ ಫೋರ್ಡ್ ಕೊಡೋ ಲೆಕ್ಕದಲ್ಲಿ ಒಂದು ಗಂಟೆ ಐಡಲ್ (ಎಂಜಿನ್ ಆನ್ ಇಟ್ಟು ನಿಲ್ಲೋದು) ಅಂದ್ರೆ 33 ಮೈಲಿ ಓಡಿದ ಸವೆತ, ನಮ್ಮ ಲೆಕ್ಕಕ್ಕೆ 50 ಕಿ.ಮೀ. ಹಿಡೀರಿ. ದಿನಕ್ಕೆ 90 ಕಿ.ಮೀ. ಓಡಿ ಐದು ಗಂಟೆ ನಿಲ್ಲೋ ಗಾಡಿ ಸವೆಯೋದು 340 ಕಿ.ಮೀ.ಯಷ್ಟು. ಮೀಟರ್ ನೋಡಿ 10,000ಕ್ಕೆ ಆಯಿಲ್ ಬದಲಿಸ್ತೀವಿ ಅಂದ್ರೆ ಮೂರೂವರೆ ತಿಂಗಳು ಕಾಯ್ತೀರಿ. ಎಂಜಿನ್‌ಗೆ ಅದು ಬೇಕಾಗಿದ್ದು ಒಂದೇ ತಿಂಗಳಿಗೆ. ಲಾಗ್ ಬುಕ್‌ನಲ್ಲಿ ಎಂಜಿನ್ ಗಂಟೆಗೆ ಒಂದು ಕಾಲಂ ಹಾಕಿ. ಜಿಪಿಎಸ್‌ಗೆ ಇಗ್ನಿಷನ್ ವೈರ್ ಕೊಟ್ಟಿದ್ರೆ ಆ ಗಂಟೆ ರಿಪೋರ್ಟ್‌ನಲ್ಲೇ ಸಿಗುತ್ತೆ. ಯಾವ ಗಾಡಿ ಮೊದಲು ಬದಲಿಸಬೇಕು ಅನ್ನೋದನ್ನೂ ಇದರಿಂದಲೇ ನಿರ್ಧರಿಸಿ.

ಹಾಗಾಗಿ ಪೇಟೆಗೆ ಪೆಟ್ರೋಲ್. ಇಂಧನದ ಖರ್ಚು ಹೆಚ್ಚಾದ್ರೂ ಡಿಪಿಎಫ್ ತಲೆನೋವಿಲ್ಲ.

ಕೆಎ34_ವರ್ಕ್‌ಶಾಪ್
ಪೇಟೆಗೆ ಪೆಟ್ರೋಲ್ ಅನ್ನೋದು ಒಪ್ಪಿದೆ. ಆದ್ರೆ ಹಳ್ಳಿ ಠಾಣೆಗೆ ಎರ್ಟಿಗಾ ಕೊಡಬೇಡ್ರಿ. ಅದು ಮಾನೊಕಾಕ್ (ಬೇರೆ ಚಾಸಿ ಇಲ್ಲದ ಬಾಡಿ), ಮುಂದಿನ ಚಕ್ರದ ಎಳೆತ. ಕಾಲುವೆ ದಂಡೆ ರಸ್ತೆ, ಕೊರಕಲುಗಳಲ್ಲಿ ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ನೆಲಕ್ಕೆ ತಗುಲುತ್ತೆ, ಮುಂದಿನ ಚಕ್ರ ಹಿಡಿಯೋ ಲೋವರ್ ಆರ್ಮ್‌ನ ಬುಷ್ ಬೇಗ ಹೋಗ್ತವೆ. ಬೊಲೆರೊದ ಚಾಸಿ, ಹಿಂದಿನ ಪಟ್ಟಿ (ಲೀಫ್ ಸ್ಪ್ರಿಂಗ್) ಇಂಥ ರಸ್ತೆಗೆ ತಡೀತವೆ. ಹಂಗಂತ ಮಳೆಗಾಲದ ಎರೆ ನೆಲಕ್ಕಿಳಿದ್ರೆ ಅದೂ ಹೂತುಕೊಳ್ಳುತ್ತೆ. ಅಂಥ ಪ್ರತಿ ಸಬ್‌ಡಿವಿಜನ್‌ಗೆ ಒಂದು ಫೋರ್ ವೀಲ್ ಡ್ರೈವ್ ಕೇಳ್ರಿ. ಜಿಲ್ಲೆಗೆ ಎರಡು ಮಾಡೆಲ್ ಇದ್ರೆ ಬಿಡಿಭಾಗ ನಿಭಾಯಿಸಬಹುದು, ನಾಲ್ಕಾದ್ರೆ ಸ್ಟೋರ್ ಕೈಬಿಟ್ಟು ಹೋಗುತ್ತೆ.

ನಮ್ಮ ಸಂಡೂರು, ತೋರಣಗಲ್ಲು ಕಡೆ ಎಂಜಿನ್ ತಿನ್ನೋದು ಅದಿರು ಧೂಳು. ಏರ್ ಫಿಲ್ಟರ್ ಬದಲಿಸಿದ್ರಷ್ಟೇ ಸಾಲದು, ಫಿಲ್ಟರ್ ಡಬ್ಬಿಯಿಂದ ಟರ್ಬೊಗೆ ಹೋಗೋ ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿ ನೋಡ್ರಿ. ಕೆಂಪು ಹತ್ತಿದ್ರೆ ಕ್ಲಾಂಪ್ ಸಡಿಲ ಅಥವಾ ಫಿಲ್ಟರ್ ಅಂಚು ಕೂತಿಲ್ಲ ಅಂತ ಅರ್ಥ. ಟರ್ಬೊ ರೆಕ್ಕೆ ಸವೆಯೋದು ಅಲ್ಲಿಂದಲೇ. ಫಿಲ್ಟರ್ ಸ್ವಚ್ಛ ಮಾಡೋಕೆ ಕಂಪ್ರೆಸರ್ ಗಾಳಿಯನ್ನ ಹೊರಗಿಂದ ಜೋರಾಗಿ ಹೊಡೆದ್ರೆ ಅದರ ಕಾಗದ ಹರಿಯುತ್ತೆ. ಒಳಗಿಂದ ಹೊರಕ್ಕೆ, 30 ಪಿಎಸ್‌ಐ ಒಳಗೇ ಇರಲಿ.

ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆ ಭತ್ತ ಕೊಯ್ಲಿನಲ್ಲಿ ಹೊಟ್ಟು ಹಾರಿ ಎಸಿ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಕೂರುತ್ತೆ. ಮುಂದಿಂದ ನೋಡಿದ್ರೆ ಕಾಣಲ್ಲ. ಎಂಜಿನ್ ಬಿಸಿಯಾಗ್ತಿದೆ ಅಂತ ವಾಟರ್ ಪಂಪ್ ಬಿಚ್ಚೋ ಮೊದಲು ಅಲ್ಲಿ ಟಾರ್ಚ್ ಹಾಕಿ ನೋಡ್ರಿ.

ಕಡತ_ಕೊಪ್ಪಳ
ವಿನಾಯಿತಿ ಬಗ್ಗೆ: ಜನವರಿ 2023ರ ಕೇಂದ್ರದ ಅಧಿಸೂಚನೆ ಪ್ರಕಾರ 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದು. ವಿನಾಯಿತಿ ಇರೋದು ರಕ್ಷಣೆ, ಕಾನೂನು ಸುವ್ಯವಸ್ಥೆಗೆ ಬಳಸೋ ಶಸ್ತ್ರಕವಚದ ಮತ್ತು ಇತರ ವಿಶೇಷ ವಾಹನಗಳಿಗೆ. ಠಾಣೆಯ ಸಾಮಾನ್ಯ ಜೀಪನ್ನ ಅದರಡಿ ತರೋಕೆ ಹೋಗಬೇಡಿ. ಖಾಸಗಿಯವರಿಗೆ ಓಡಿಸೋಕೆ ಮಾರುವ ಹಾಗೂ ಇಲ್ಲ, ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು.

ಕೊಡೋ ಮುಂಚೆ ವೈರ್‌ಲೆಸ್ ಸೆಟ್, ಲೈಟ್ ಬಾರ್, ಸೈರನ್, ಜಿಪಿಎಸ್ ಮತ್ತು ಅದರ ಸಿಮ್ ಬಿಚ್ಚಿ ರಿಜಿಸ್ಟರ್‌ಗೆ ಜಮಾ ಮಾಡಿ, ‘ಪೊಲೀಸ್’ ಬರಹ ಅಳಿಸಿ. ಎಂಜಿನ್, ಗೇರ್‌ಬಾಕ್ಸ್ ಬಿಚ್ಚಿ ಬೇರೆ ಗಾಡಿಗೆ ಹಾಕಿದ್ರೆ ಹರಾಜಿನ ಬೆಲೆ ಬೀಳುತ್ತೆ, ಕಡತಕ್ಕೂ ಆಕ್ಷೇಪಣೆ ಬರುತ್ತೆ. ಗುಜರಿ ಕೇಂದ್ರದಿಂದ ಠೇವಣಿ ಪ್ರಮಾಣಪತ್ರ ಬಂದ ಮೇಲೆ ವಾಹನ್ ಪೋರ್ಟಲ್‌ನಲ್ಲಿ ನೋಂದಣಿ ರದ್ದಾಗಿದೆಯಾ ಖುದ್ದು ನೋಡಿ, ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ವಿಮೆಯಿಂದಲೂ ಆ ಗಾಡಿ ತೆಗೆಸಿ.

ಇನ್ನೊಂದು ಮಾತು, ಎಲ್ಲವನ್ನೂ ಒಂದೇ ವರ್ಷ ಕೊಂಡರೆ ಮುಂದೆ ಎಲ್ಲವೂ ಒಟ್ಟಿಗೇ ಮುದಿಯಾಗ್ತವೆ. 24 ಗಾಡಿ ಇದ್ರೆ ವರ್ಷಕ್ಕೆ ಮೂರರಂತೆ ಎಂಟು ವರ್ಷದ ಸುತ್ತು ಹಾಕಿ.

ಎಂಟಿ_ರಾಯಚೂರು
ಧನ್ಯವಾದ ಸರ್. ಐಡಲ್ ಕಡಿಮೆ ಮಾಡಿ ಅಂದ್ರೆ ಬ್ಯಾಟರಿ ಇಳಿಯುತ್ತೆ ಅಂತಾರೆ ಡ್ರೈವರ್‌ಗಳು.

ಡೀಸೆಲ್_ಹೊಸಪೇಟೆ
ಅವರ ಮಾತೂ ನಿಜ. ಎಲ್‌ಇಡಿ ಬಾರ್ 6 ಆಂಪಿಯರ್, ವೈರ್‌ಲೆಸ್, ಟ್ಯಾಬ್, ಜಿಪಿಎಸ್ ಸೇರಿ 3 ಹಿಡಿದ್ರೆ ಒಟ್ಟು 9. 65 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯಲ್ಲಿ ಅರ್ಧ ಬಳಸಬಹುದು, ಅಂದ್ರೆ ಮೂರೂವರೆ ಗಂಟೆ. ಬಾರ್, ಸೈರನ್ ಲೈನಿಗೆ ಮಾತ್ರ ಬ್ಯಾಟರಿ 12 ವೋಲ್ಟ್‌ಗೆ ಇಳಿದಾಗ ಕರೆಂಟ್ ಕಡಿಯೋ ಕಟ್‌ಆಫ್ ರಿಲೇ ಹಾಕಿಸಿ, ವೈರ್‌ಲೆಸ್‌ಗೆ ಬೇರೆ ಲೈನ್ ಕೊಡಿ. ಎರಡು ಲೈನಿಗೂ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಸೀಟ್ ಕೆಳಗೆ ಹಾಕಿದ್ರೆ ಮಧ್ಯದ ವೈರ್ ಉಜ್ಜಿ ಶಾರ್ಟ್ ಆದಾಗ ಬೆಂಕಿ ತಡೆಯೋಕೆ ಏನೂ ಇರಲ್ಲ. ಇದನ್ನ ಖರೀದಿ ಷರತ್ತಿನಲ್ಲೇ ಬರೀರಿ.