ಬೈಕಾರ್ಬನೇಟ್ ಹಾಕಿದರೂ ಪೆರಿಯ ಹುಳಿ ಇಳಿಯುತ್ತಿಲ್ಲ, ಸಹಾಯ ಬೇಕು

ಹುಳಿಮಾವು_ಹುಡುಗ:
20 ಲೀಟರ್ ಪೆರಿ (ಪಿಯರ್ ಹಣ್ಣಿನ ರಸ ಹುದುಗಿಸಿದ ಮದ್ಯ). ಬಾಯಿಗಿಟ್ಟರೆ ಹಲ್ಲು ಜುಮ್ಮೆನ್ನುತ್ತೆ. ಹುಳಿ ತಗ್ಗಿಸೋಕೆ ಲೀಟರಿಗೆ 1.5 ಗ್ರಾಂ ಪೊಟ್ಯಾಸಿಯಂ ಬೈಕಾರ್ಬನೇಟ್ ಹಾಕಿದ್ದಾಯ್ತು. ಪಿಎಚ್ 3.6ರಿಂದ 4.0ಕ್ಕೆ ಏರಿತು, ಹುಳಿ ಮಾತ್ರ ಹಾಗೇ ಇದೆ. ಮೇಲಿಂದ ಸೋಪಿನ ರುಚಿ ಬೇರೆ. ಸಾಂದ್ರತೆ ಅಳೆಯೋ ಹೈಡ್ರೋಮೀಟರ್ 1.008ರಲ್ಲೇ ನಿಂತಿದೆ. ಇನ್ನೆಷ್ಟು ಹಾಕಲಿ? ತಲೆ ಕೆಟ್ಟುಹೋಗಿದೆ.

ಮೊದಲಹಿಂಡು:
ಬೈಕಾರ್ಬನೇಟ್ ನಿಲ್ಲಿಸಿ ಸಾರ್. ಮ್ಯಾಲೋಲ್ಯಾಕ್ಟಿಕ್ ಬ್ಯಾಕ್ಟೀರಿಯಾ (ಹಣ್ಣಿನ ಮ್ಯಾಲಿಕ್ ಆಮ್ಲವನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲ ಮಾಡೋದು) ಬಿಡಿ, 18–20 ಡಿಗ್ರಿಯಲ್ಲಿಡಿ. 1 ಗ್ರಾಂ ಮ್ಯಾಲಿಕ್‌ನಿಂದ 0.67 ಗ್ರಾಂ ಲ್ಯಾಕ್ಟಿಕ್ ಅಷ್ಟೇ ಬರೋದು, ಮ್ಯಾಲಿಕ್‌ನ ಹುಳಿ ಅರ್ಧಕ್ಕಿಳಿಯುತ್ತೆ. ಸೇಬಿನ ಸೈಡರ್‌ಗೆ ಇದೇ ಮದ್ದು.

ಸೆವರ್ನ್‌ದಂಡೆ:
ಸೇಬಿಗೆ ಸರಿ, ಪಿಯರ್‌ಗೆ ಕಣ್ಣುಮುಚ್ಚಿ ಹೇಳಬೇಡಿ. ಕೆಲವು ತಳಿಗಳಲ್ಲಿ ಸಿಟ್ರಿಕ್ ಆಮ್ಲ ಸಾಕಷ್ಟಿರುತ್ತೆ. ಅದೇ ಬ್ಯಾಕ್ಟೀರಿಯಾ ಸಿಟ್ರಿಕ್ ತಿಂದು ಅಸಿಟಿಕ್ ಬಿಡುತ್ತೆ, ಅಂದರೆ ವಿನೆಗರ್. 1.008 ನಿಂತಿರೋದಲ್ಲ, ಮುಗಿದಿರೋದು: ಪಿಯರ್‌ನಲ್ಲಿರೋ ಸಾರ್ಬಿಟಾಲ್ ಅನ್ನೋ ಸಿಹಿ ಅಂಶವನ್ನು ಯೀಸ್ಟ್ ಮುಟ್ಟಲ್ಲ. ಮತ್ತೆ ಯೀಸ್ಟ್ ಹಾಕಬೇಡಿ. ಯಾವ ಹಣ್ಣು? ಒಟ್ಟು ಆಮ್ಲ ಎಷ್ಟು? ಬ್ಯಾಕ್ಟೀರಿಯಾ ತಡೆಯೋ ಸಲ್ಫೈಟ್ ಎಷ್ಟು ಹಾಕಿದ್ರಿ?

ಹುಳಿಮಾವು_ಹುಡುಗ:
ಮುಕ್ಕಾಲು ಕಾನ್ಫರೆನ್ಸ್ (ತಿನ್ನೋ ಪಿಯರ್), ಕಾಲು ಥಾರ್ನ್ (ಪೆರಿಗೆ ಬೆಳೆಯೋ ಹುಳಿ ಪಿಯರ್). ಆಮ್ಲ ಲೀಟರಿಗೆ 8.2 ಗ್ರಾಂ, ಈಗ 7.2. ಕ್ಯಾಂಪ್‌ಡೆನ್ (ಸಲ್ಫೈಟ್ ಮಾತ್ರೆ) ಗ್ಯಾಲನ್‌ಗೆ ಒಂದೇ.

ಮೊದಲಹಿಂಡು:
ಥಾರ್ನ್ ಇದ್ದ ಮೇಲೆ ಮ್ಯಾಲಿಕ್ಕೇ ಜಾಸ್ತಿ ಕಣ್ರೀ. ನಾನು ಹೇಳಿದ್ದು ಅದನ್ನೇ.

ಗಾಜಿನಬುರುಡೆ:
ಲೆಕ್ಕ ತಪ್ಪಿಲ್ಲ. 1 ಗ್ರಾಂ ಬೈಕಾರ್ಬನೇಟ್ 0.67 ಗ್ರಾಂ ಮ್ಯಾಲಿಕ್ ತೆಗೆಯುತ್ತೆ, 1.5ಕ್ಕೆ 1 ಗ್ರಾಂ ಇಳಿದಿದೆ. ದ್ರಾಕ್ಷಿಯಲ್ಲಾದರೆ ಪೊಟ್ಯಾಸಿಯಂ ಟಾರ್ಟಾರಿಕ್ ಆಮ್ಲದ ಜೊತೆ ಸೇರಿ ಟಾರ್ಟರ್ ಎಂಬ ಉಪ್ಪಾಗಿ ತಳ ಸೇರುತ್ತೆ. ಪಿಯರ್‌ನಲ್ಲಿ ಟಾರ್ಟಾರಿಕ್ ಇಲ್ಲವೇ ಇಲ್ಲ, ಹಾಕಿದ್ದೆಲ್ಲ ಒಳಗೇ ಉಳಿಯುತ್ತೆ. ಸೋಪಿನ ರುಚಿ ಅದೇ.

ಆದರೆ ಕಾಲು ಭಾಗ ಥಾರ್ನ್‌ಗೆ 8.2 ಬರೋದು ಅನುಮಾನ. ಗ್ಯಾಸ್ ತೆಗೆದು ಅಳೆದಿರಾ? ಕರಗಿದ ಕಾರ್ಬನ್ ಡೈಆಕ್ಸೈಡೂ ಟೈಟ್ರೇಷನ್‌ನಲ್ಲಿ (ಕ್ಷಾರ ಬಿಟ್ಟು ಆಮ್ಲ ಅಳೆಯೋದರಲ್ಲಿ) ಹುಳಿ ಅಂತಲೇ ಎಣಿಕೆಯಾಗುತ್ತೆ.

ಮೊದಲಹಿಂಡು:
ಪಿಎಚ್ ಪಟ್ಟಿ ಸಾಕು, ಇಷ್ಟೆಲ್ಲ ಯಾಕೆ? ನನ್ನ 40 ಲೀಟರ್ ಹೈಡ್ರೋಪ್ರೆಸ್‌ನಲ್ಲಿ ಹಿಂಡಿದ ರಸ ಪಟ್ಟಿಗೇ ಸರಿಯಾಗಿ ಬರುತ್ತೆ.

ಗಾಜಿನಬುರುಡೆ:
ಬಣ್ಣದ ರಸದಲ್ಲಿ ಪಟ್ಟಿ 0.3 ಆಚೀಚೆ ಆಗಬಹುದು. ಪ್ರೆಸ್‌ಗೂ ಅದಕ್ಕೂ ಏನು ಸಂಬಂಧ ಮಾರಾಯ್ರೇ?

ಹುಡುಗ ಅವರೇ, ಹೀಗೆ ಮಾಡಿ. 50 ಮಿಲೀ ಜೋರಾಗಿ ಕುಲುಕಿ ಗ್ಯಾಸ್ ಬಿಡಿಸಿ. ಅದರಲ್ಲಿ 10 ಮಿಲೀಗೆ 3 ಹನಿ ಫಿನಾಲ್ಫ್ತಲೀನ್ (ಕ್ಷಾರದಲ್ಲಿ ಗುಲಾಬಿಯಾಗೋ ದ್ರವ) ಹಾಕಿ, 0.1 ಮೋಲಾರ್ ಕಾಸ್ಟಿಕ್ ಸೋಡಾ ಬಿಡಿ, ಕೈಗವಸು ಹಾಕಿಕೊಂಡೇ. ತಿಳಿ ಗುಲಾಬಿ ಅರ್ಧ ನಿಮಿಷ ನಿಲ್ಲಬೇಕು. ಬಿಟ್ಟ ಸೋಡಾದ ಒಂದೊಂದು ಮಿಲೀಗೂ ಲೀಟರಿಗೆ 0.67 ಗ್ರಾಂ ಆಮ್ಲ. ಆಮೇಲೆ ಇನ್ನೊಂದು 20 ಮಿಲೀಯನ್ನು ಗಾಳಿಯಾಡುವ ಕಡೆ ಅರ್ಧಕ್ಕೆ ಕುದಿಸಿ, ಡಿಸ್ಟಿಲ್ಡ್ ನೀರು ಹಾಕಿ ಮತ್ತೆ 20ಕ್ಕೆ ತನ್ನಿ. ಇದನ್ನೇ ಎರಡು-ಮೂರು ಸಲ ಮಾಡಿ ಅಳೆಯಿರಿ. ಮ್ಯಾಲಿಕ್ ಆವಿಯಾಗಲ್ಲ, ಅಸಿಟಿಕ್ ಒಂದಷ್ಟು ಹೋಗುತ್ತೆ.

ಹುಳಿಮಾವು_ಹುಡುಗ:
ಗ್ಯಾಸ್ ಬಿಡಿಸಿ 7.0. ಕುದಿಸಿದ ಮೇಲೆ 4.9.

ಸೆವರ್ನ್‌ದಂಡೆ:
ಅಲ್ಲಿಗೆ ಮುಗೀತು, ಆವಿಯಾಗಿ ಹೋದ ಆ 2.1 ವಿನೆಗರ್. ಒಂದು ಮಾತ್ರೆ ಅಂದರೆ ಬರೀ 50 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಸಲ್ಫೈಟ್. ಪಿಎಚ್ 3.6 ಇದ್ದಾಗ 150 ಬೇಕು. ಪಿಯರ್‌ನ ಅಸಿಟಾಲ್ಡಿಹೈಡ್ ಅದರಲ್ಲೂ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತೆ. ಬೈಕಾರ್ಬನೇಟ್ ಸುರಿದರೆ ವಿನೆಗರ್ ವಾಸನೆಯೂ ಹೋಗಲ್ಲ, ಪಿಎಚ್ ಇನ್ನೂ ಏರಿ ಸಲ್ಫೈಟೂ ಕೆಲಸಕ್ಕೆ ಬಾರದು. ವಾಸನೆ ಸಹಿಸುವಂತಿದ್ದರೆ ಚೊಕ್ಕ ಪೆರಿ ಜೊತೆ ಬೆರೆಸಿ ನೋಡಿ. ಮೊದಲು 100 ಮಿಲೀಯಲ್ಲೇ ಬೆರೆಸಿ ಎರಡು ದಿನ ಬಿಡಿ, ಟ್ಯಾನಿನ್ (ಒಗರಿನ ಅಂಶ) ಒಡೆದು ಮಸುಕಾಗೋದುಂಟು. ಇಲ್ಲದಿದ್ದರೆ ಬಟ್ಟೆ ಕಟ್ಟಿ ಪೂರ್ತಿ ವಿನೆಗರ್ ಆಗಲು ಬಿಡಿ, ಆ ಪಾತ್ರೆ ಮತ್ತೆ ಪೆರಿಗೆ ಬೇಡ.

ಮುಂದಿನ ಸಲ ಹಿಂಡಿದ ತಕ್ಷಣ ಪಿಎಚ್ ನೋಡಿ. ಕಾನ್ಫರೆನ್ಸ್ ರಸ 4 ದಾಟೋದೂ ಉಂಟು. ಮ್ಯಾಲಿಕ್ ಲೀಟರಿಗೆ ಅರ್ಧರ್ಧ ಗ್ರಾಂ ಹಾಕುತ್ತಾ 3.8ರ ಕೆಳಗೆ ತನ್ನಿ, ಆಮೇಲೆ ಸಲ್ಫೈಟ್, ಮರುದಿನ ಯೀಸ್ಟ್. ಪೆರಿ ಇಡೋ ಗಾಜಿನ ಪಾತ್ರೆಯನ್ನು ಕತ್ತಿನವರೆಗೂ ತುಂಬಿಡಿ.

ಮೊದಲಹಿಂಡು:
ಥಾರ್ನ್ ತಿರುಳನ್ನು ರಾತ್ರಿಯಿಡೀ ಬಿಟ್ಟು ಹಿಂಡಿದ್ದರೆ ಇದ್ಯಾವುದೂ ಆಗ್ತಿರಲಿಲ್ಲ.

ಗಾಜಿನಬುರುಡೆ:
ಅದು ಟ್ಯಾನಿನ್ ಕಡಿಮೆಯಾಗಲಿಕ್ಕೆ. ವಿನೆಗರ್‌ಗಲ್ಲ.

ಹುಳಿಮಾವು_ಹುಡುಗ:
ಬೆರೆಸಲು ಬ್ಲೇಕ್ನಿ ರೆಡ್ ಪಿಯರ್‌ನ ಪೆರಿ 10 ಲೀಟರ್ ಇದೆ, ಪಿಎಚ್ 3.9. ಅದಕ್ಕೆ ಮೊದಲು ಮ್ಯಾಲಿಕ್ ಹಾಕಬೇಕಾ, ಬೆರೆಸಿದ ಮೇಲಾ?