ಮೀಟಿಂಗಲ್ಲಿ ತಲೆ ಆಡ್ಸಿ ಹೊರಗೆ ಬಂದು ಬೈಯೋದು ಯಾಕೆ?

ಹೊಸನಗರದವ
ಈ ಸಲ ನಮ್ಮೂರ ಸಹಕಾರಿ ಸೊಸೈಟಿಗೆ ಡೈರೆಕ್ಟರ್ ಆಗಿದೀನಿ ಮಾರಾಯ್ರೆ, ನೆಂಟರ ಒತ್ತಾಯಕ್ಕೆ ನಿಂತಿದ್ದು, ಗೆದ್ದೂ ಬಿಟ್ಟೆ. ಮೊನ್ನೆ ಮೀಟಿಂಗಲ್ಲಿ ಗೋಡೌನ್ ರಿಪೇರಿ ವಿಷ್ಯ ಬಂತು, ಅಧ್ಯಕ್ಷರು ಶುರುನಲ್ಲೇ ಇಂಥವ್ರಿಗೇ ಕೊಡೋಣ ಅಂದ್ಬಿಟ್ರು, ಬಂದಿದ್ದು ಒಂದೇ ಕೊಟೇಶನ್, ರೇಟು ಜಾಸ್ತಿ ಅಂತ ಎಲ್ರಿಗೂ ಗೊತ್ತು, ಆದ್ರೂ ಒಬ್ಬೊಬ್ರೇ ಆಗ್ಲಿ ಆಗ್ಲಿ ಅಂದು ಠರಾವು ಪಾಸು. ಇನ್ನೊಂದು ಕೊಟೇಶನ್ ತರ್ಸೋಣ್ವಾ ಅಂದಿದ್ದಕ್ಕೆ ನಂಗೇ ತಲೆ ಕೆಟ್ಟಿದೆ ಅನ್ನೋ ಹಾಗೆ ನೋಡಿದ್ರು. ಹೊರಗೆ ಬಂದು ಟೀ ಕುಡೀತಾ ಅದೇ ಜನ ಅಧ್ಯಕ್ಷರಿಗೆ ಬೈದಿದ್ದೇ ಬೈದಿದ್ದು! ಲೀಡರ್‌ಶಿಪ್ ವಿಡಿಯೋಗಳಲ್ಲೆಲ್ಲ ಧೈರ್ಯವಾಗಿ ಮಾತಾಡಿ ಅಂತಾರೆ ಅಷ್ಟೆ. ಪುರಾಣದಲ್ಲೋ ಸೈಕಾಲಜಿಯಲ್ಲೋ ಇದಕ್ಕೆ ಕೆಲ್ಸಕ್ಕೆ ಬರೋ ಅಂಥದ್ದು ಎಂತಾದ್ರೂ ಇದ್ಯಾ?

ಮಳೆಗಾಲದ ಮದ್ದಳೆ
ಇದು ಹಸ್ತಿನಾವತಿ ಸಭೆ ಕಾಲದ ಕಾಯಿಲೆ. ತಾಳಮದ್ದಳೆಲಿ ಎಲ್ರಿಗೂ ಕರ್ಣನ ಅರ್ಥ ಬೇಕು, ಕೃಷ್ಣನ ಅರ್ಥ ಬೇಕು, ವಿಕರ್ಣನ್ನ ಕೇಳೋರಿಲ್ಲ. ಕೌರವರ ನೂರು ಜನದಲ್ಲಿ ದ್ರೌಪದಿ ಪರ ಸಭೇಲಿ ಎದ್ದು ಮಾತಾಡಿದವ ಅವನೊಬ್ನೇ, ಭೀಷ್ಮನಂಥವನೇ ಧರ್ಮ ಸೂಕ್ಷ್ಮ ಅಂತ ಜಾರ್ಕೊಂಡಾಗ. ಇಲ್ಲೊಂದು ಮಜಾ ಇದೆ ನೋಡಿ, ಅವ್ನು ಮಾತಾಡಿದ ಕೂಡ್ಲೇ ಸಭೆ ಸುಮ್ನಿರ್ಲಿಲ್ಲ, ಭಲೆ ಅಂತು, ಶಕುನಿನ ಬೈತು. ಅಂದ್ರೆ ಒಳಗೊಳಗೇ ಎಲ್ರಿಗೂ ಅದೇ ಅನ್ಸಿತ್ತು. ಆಮೇಲೆ ಕರ್ಣ ಎದ್ದು ನೀನಿನ್ನೂ ಹುಡುಗ, ನಿಂಗೆಂತ ಧರ್ಮ ಗೊತ್ತು ಅಂತ ಒಂದು ಏಟು ಕೊಟ್ಟ, ಸಭೆ ಗಪ್‌ಚುಪ್. ವಿದುರ ಮೊದ್ಲೇ ಇದು ಬೇಡ ಅಂದವ್ನೇ, ಆದ್ರೆ ವಿಕರ್ಣನ ಮಾತು ಹಿಡಿದು ಮತ್ತೆ ಎದ್ದಿದ್ದು ಸೀರೆಗೆ ಕೈ ಹಾಕಾದ್ಮೇಲೆ. ಆ ನಡುವಿನ ಹೊತ್ತಲ್ಲಿ ಇನ್ನೊಬ್ಬ ಎದ್ದಿದ್ರೆ ಎಂತಾಗ್ತಿತ್ತು ಅಂತ ನಂಗೆ ಯಾವಾಗ್ಲೂ ಅನ್ಸುತ್ತೆ.

ರಿಟೈರ್ಡ್ ಮೇಷ್ಟ್ರು, ಶಿವಮೊಗ್ಗ
ಮದ್ದಳೆಯವ್ರ ಆ ಪ್ರಶ್ನೆಗೆ ಹತ್ತಿರದ ಉತ್ತರ ಇದೆ. ಅಮೆರಿಕದಲ್ಲಿ ಸಾಲೊಮನ್ ಆಶ್ ಅಂತ ಒಬ್ರು ಮನಶ್ಶಾಸ್ತ್ರಜ್ಞರು, 1951ರಲ್ಲಿ ಅವ್ರ ಪ್ರಯೋಗ ಪ್ರಕಟ ಆಯ್ತು. ಒಂದು ಗೆರೆ ತೋರ್ಸಿ, ಪಕ್ಕದ ಮೂರು ಗೆರೇಲಿ ಇದರಷ್ಟೇ ಉದ್ದದ್ದು ಯಾವ್ದು ಅಂತ ಕೇಳೋದು, ಮಗುನೂ ಹೇಳುತ್ತೆ. ಆದ್ರೆ ಗುಂಪಲ್ಲಿ ಒಬ್ಬ ಬಿಟ್ಟು ಉಳಿದವ್ರೆಲ್ಲ ಮೊದ್ಲೇ ಹೇಳಿಕೊಟ್ಟು ಕೂರ್ಸಿದವ್ರು, ಬೇಕಂತ್ಲೇ ತಪ್ಪು ಹೇಳ್ತಾರೆ. ಆ ಒಬ್ಬನ ಸರದಿ ಬಂದಾಗ ಸುಮಾರು ಮೂರನೇ ಒಂದು ಪಾಲು ಉತ್ತರ ಗುಂಪಿನ ತಪ್ಪೇ. ಮುಕ್ಕಾಲು ಪಾಲು ಜನ ಒಂದ್ಸಲನಾದ್ರೂ ಹೀಗೆ ಸೋತ್ರು. ಗುಂಪಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳಿದ್ರೆ ಸಾಕು, ತಪ್ಪು ಮೊದ್ಲಿದ್ದದ್ರ ಕಾಲು ಭಾಗಕ್ಕೆ ಇಳೀತು. ಆ ಜೊತೆಗಾರ ಮಧ್ಯದಲ್ಲಿ ಗುಂಪಿನ ಕಡೆ ವಾಲಿದ್ರೆ ಮತ್ತೆ ಏರ್ತು. ಉತ್ತರನ ಬಾಯಲ್ಲಿ ಹೇಳದೆ ಚೀಟೀಲಿ ಬರೆದ್ರೂ ತಪ್ಪು ಕಮ್ಮಿ. ಹಂಗಾಗಿ ನೀವು ಒಬ್ರೇ ಹೀರೋ ಆಗೋಕೆ ಹೋಗ್ಬೇಡಿ, ಮೀಟಿಂಗಿಗೆ ಮೊದ್ಲೇ ಒಬ್ರನ್ನ ಜೊತೆ ಮಾಡ್ಕೊಳ್ಳಿ.

ಅಡಿಕೆ ಚೊಗರು
ಮೇಷ್ಟ್ರೇ, ಗೆರೆ ತಪ್ಪು ಹೇಳಿದ್ರೆ ಆ ಹುಡುಗ್ರಿಗೆ ಬೆಳೆ ಸಾಲ ನಿಲ್ತಿರ್ಲಿಲ್ಲ. ಇಲ್ಲಿ ಅಧ್ಯಕ್ಷರ ಹತ್ರ ಸಾಲ, ಗೊಬ್ಬರ, ಮಗಳ ಮದ್ವೆ ಸಂಬಂಧ ಎಲ್ಲ ಇರುತ್ತೆ. ಬಾಯಿ ಕಟ್ಟೋದು ಮನಸ್ಸಲ್ಲ ಸ್ವಾಮಿ, ಋಣ. ಸಾಗರದ ಹತ್ರ ಕಾಗೋಡಲ್ಲಿ ಗೇಣಿದಾರ್ರು ಸತ್ಯಾಗ್ರಹ ಮಾಡಿದ್ದು ನೆನಪಿಸ್ಕೊಳ್ಳಿ. ಗೇಣಿ ಭತ್ತ ಅಳೆಯೋ ಕೊಳಗ ದೊಡ್ಡದು ಅಂತ ಅಳೆಯೋನಿಗೂ ಗೊತ್ತು ಅಳೆಸ್ಕೊಳ್ಳೋನಿಗೂ ಗೊತ್ತು, ಯಾರ್ಗೂ ಕಣ್ಣು ಮಂಜಾಗಿರ್ಲಿಲ್ಲ, ಭೂಮಿ ಒಡೇರದ್ದು ಅಂತ ಸುಮ್ನಿದ್ರು. ಗಣಪತಿಯಪ್ಪನವ್ರು ರೈತ ಸಂಘ ಕಟ್ಟಿದ ಮೇಲೇ 1951ರಲ್ಲಿ ಬಾಯಿ ಬಂದಿದ್ದು, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆಗಿದ್ದೆಲ್ಲ ಆಮೇಲೆ. 1952ರಲ್ಲಿ ಶಾಂತವೇರಿ ಗೋಪಾಲಗೌಡ್ರು ಗೆದ್ದು ವಿಧಾನಸಭೆಗೆ ಹೋದ್ರಲ್ಲ, ಅದೂ ಆ ಬಿಸಿಯಲ್ಲೇ. ನಿಮ್ಮ ವ್ಯಕ್ತಿತ್ವ ವಿಕಸನ ಪುಸ್ತಕದವ್ರು ಇದ್ನ ಬರೆಯಲ್ಲ, ಎಲ್ಲಾ ನಿನ್ನೊಳಗೇ ಇದೆ ಅಂದ್ರೆ ತಾನೇ ಪುಸ್ತಕ ಖರ್ಚಾಗೋದು.

ರಿಟೈರ್ಡ್ ಮೇಷ್ಟ್ರು, ಶಿವಮೊಗ್ಗ
ಋಣದ ಮಾತು ಒಪ್ಕೊಂಡೆ. ಆದ್ರೂ ಸಂಘ ಅಂದ್ರೇನು, ಒಬ್ಬನ ಜೊತೆ ಇನ್ನೊಬ್ಬ ನಿಲ್ಲೋದೇ ಅಲ್ವಾ? ಇನ್ನು ಅಧ್ಯಕ್ಷರ ಕಡೆಯಿಂದ ಆಗ್ಬೇಕಾದ್ದೂ ಒಂದಿದೆ. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಕ್ಯೂಬಾ ಮೇಲೆ ದಾಳಿ ಮಾಡ್ಸಿ ಮುಖಭಂಗ ಆಯ್ತಲ್ಲ, ಸುತ್ತ ಇದ್ದವ್ರು ಮಹಾ ಬುದ್ಧಿವಂತ್ರೇ, ಅನುಮಾನ ಇದ್ದವ್ರೂ ಗಟ್ಟಿಯಾಗಿ ಹೇಳ್ಲಿಲ್ಲ. ಮುಂದಿನ ವರ್ಷ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ಇಟ್ಟ ಬಿಕ್ಕಟ್ಟಲ್ಲಿ ಕೆಲವು ಚರ್ಚೆಗೆ ಕೆನಡಿ ಬೇಕಂತ್ಲೇ ಹೋಗ್ಲಿಲ್ಲ, ತಾನಿದ್ರೆ ಜನ ಬಾಯಿ ಬಿಡಲ್ಲ ಅಂತ. ನಿಮ್ಮ ಅಧ್ಯಕ್ಷರು ಎದ್ದು ಹೋಗೋದು ಬೇಡ, ಕೊನೇಲಿ ಮಾತಾಡಿದ್ರೂ ಸಾಕು.

ಹೊಸನಗರದವ
ಕೊನೇಲಿ ಮಾತಾಡಿ ಅಂತ ಅವ್ರಿಗೆ ಹೇಳೋರು ಯಾರು ಸರ್! ಜೊತೆ ಮಾಡ್ಕೊಳ್ಳೋ ವಿಷ್ಯ ಆಗ್ಬಹುದು, ಸಾಲ ತೀರಿಸಿ ನಿರಾಳ ಆಗಿರೋ ಡೈರೆಕ್ಟರ್ ಒಬ್ರಿದಾರೆ, ಚೊಗರಣ್ಣ ಹೇಳಿದ ಲೆಕ್ಕಕ್ಕೂ ಅವ್ರೇ ಸರಿ. ಆದ್ರೂ ಠರಾವು ಪಾಸಾದ್ರೆ?

ಅಡಿಕೆ ಚೊಗರು
ನನ್ನ ವಿರೋಧ ಇದೆ, ನಡಾವಳೀಲಿ ಬರೀರಿ ಅಂತ ಸೆಕ್ರೆಟರಿಗೆ ಹೇಳಿ, ಬರೆದ್ಮೇಲೆ ಓದಿ ಸೈನ್ ಹಾಕಿ. ನಾಳೆ ಆಡಿಟ್ ಬಂದಾಗ ಟೀ ಅಂಗಡಿ ಮಾತು ಸಾಕ್ಷಿಗೆ ಬರಲ್ಲ. ಅಂದಂಗೆ ನಿಮ್ಮನ್ನ ಒತ್ತಾಯ ಮಾಡಿ ನಿಲ್ಸಿದ ನೆಂಟರು ಯಾರು, ಅಧ್ಯಕ್ಷರ ಕಡೆಯವ್ರಾ?