ಪ್ರಶ್ನೋತ್ತರ: ವರದಕ್ಷಿಣೆ ಕಿರುಕುಳ, ರಾಜಿ ಪಂಚಾಯ್ತಿ, ಕೇಸು – ಕಲಬುರಗಿಯ ವಕೀಲರ ಉತ್ತರಗಳು

ಅಡ್ಮಿನ್: ಇವತ್ತು ಸಂಜೆ ನಮ್ಮ ಜತೆ ಕಲಬುರಗಿ ಜಿಲ್ಲಾ ಕೋರ್ಟಿನ ವಕೀಲರೊಬ್ಬರು ಇದ್ದಾರೆ. ಹೆಚ್ಚಾಗಿ ಹೆಣ್ಣುಮಕ್ಕಳ ಕೇಸು ನಡೆಸುತ್ತಾರೆ. ಯಾರೂ ಹೆಸರು, ಊರು, ಫೋನ್ ನಂಬರ್ ಹಾಕಬೇಡಿ. ಗಂಡನ ಕಡೆಯವರೂ ಇದೇ ಗುಂಪಿನಲ್ಲಿ ಇರಬಹುದು. ಬರೆಯೋಕೆ ಭಯ ಆದರೆ ನನಗೆ ಕಳಿಸಿ, ಹೆಸರಿಲ್ಲದೆ ಹಾಕುತ್ತೇನೆ.

ಪ್ರಶ್ನೆ (ಒಬ್ಬ ತಂದೆ, ಆಳಂದ ಕಡೆ): ಮೇಡಂ, ಹೋದ ವರ್ಷ ಮಗಳ ಮದುವೆ ಮಾಡಿದೆವು. ಎಂಟು ತೊಲ ಬಂಗಾರ, ನಾಲ್ಕು ಲಕ್ಷ ನಗದು, ಒಂದು ಬೈಕು ಕೊಟ್ಟೆವು. ತೊಗರಿ ಮಾರಿದ ದುಡ್ಡು ಸಾಲದೆ ಸಾಲ ಮಾಡಿದೆ. ಈಗ ಕಲಬುರಗಿಯಲ್ಲಿ ಪ್ಲಾಟ್ ತಗೊಳ್ಳಬೇಕು, ಐದು ಲಕ್ಷ ತಾ ಅಂತ ಹೊಡೆದು ಕಳಿಸಿದ್ದಾರೆ. ಸ್ಟೇಷನ್ನಿಗೆ ಹೋಗೋಣ ಅಂದರೆ ಊರಲ್ಲಿ ಒಬ್ಬರು, ಕೊಡೋದೂ ಅಪರಾಧ, ನಿನ್ನ ಮೇಲೇ ಕೇಸ್ ಆಗುತ್ತದೆ ಅಂದರು. ಭಾನುವಾರ ಹಿರಿಯರು ಕೂಡುತ್ತಾರಂತೆ. ಏನು ಮಾಡಲಿ?

ಉತ್ತರ: ಮೊದಲು ಆ ಹೆದರಿಕೆ ಬಿಡಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಕೊಡೋದೂ ತಗೊಳ್ಳೋದೂ ಎರಡೂ ಅಪರಾಧವೇ, ಶಿಕ್ಷೆ ಕನಿಷ್ಠ 5 ವರ್ಷ. ಆದರೆ ಅದೇ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ, ತೊಂದರೆಗೆ ಒಳಗಾದವರು ಕೊಟ್ಟ ಹೇಳಿಕೆ ಇಟ್ಟುಕೊಂಡು ಅವರ ಮೇಲೇ ಕೇಸ್ ಹಾಕುವಂತಿಲ್ಲ ಅಂತ ಬರೆದಿದೆ. ನಿಮಗೆ ಆ ಮಾತು ಹೇಳಿದವರು ಅರ್ಧ ಕಾನೂನು ಹೇಳಿದ್ದಾರೆ. ಈ ಅರ್ಧ ಕಾನೂನು ನಮ್ಮ ಭಾಗದಲ್ಲಿ ಬಹಳ ಓಡಾಡುತ್ತದೆ, ಓಡಾಡಿಸೋದು ಯಾರು ಅಂತ ನಿಮಗೂ ಗೊತ್ತು.

ಇನ್ನು ಭಾನುವಾರದ ಮಾತು. ಹಿರಿಯರು ಕೂಡಲಿ, ಬೇಡ ಅನ್ನೋದಿಲ್ಲ. ಎಷ್ಟೋ ಸಂಸಾರ ಹಾಗೇ ಸರಿಯಾಗಿವೆ. ಆದರೆ ನನ್ನ ಕೈಗೆ ಬಂದಿರುವ ಸಾವಿನ ಕೇಸುಗಳಲ್ಲಿ ಹೆಚ್ಚಿನವಕ್ಕೆ ಮುಂಚೆ ಒಂದು ರಾಜಿ ಆಗಿರುತ್ತದೆ, ಕೆಲವಕ್ಕೆ ಮೂರು ನಾಲ್ಕು. ಚಹಾ ಕುಡಿದು, ಗಂಡನಿಗೆ ಎರಡು ಮಾತು ಬೈದು, ಹುಡುಗಿಗೆ ನಾಲ್ಕು ಮಾತು ಬುದ್ಧಿ ಹೇಳಿ, ಸಂಜೆಯ ಬಸ್ಸಿಗೆ ಕಳಿಸಿಬಿಡುತ್ತಾರೆ. ಒಂದು ಚೀಟಿ ಬರೆದಿರೋದಿಲ್ಲ. ಆಮೇಲೆ ಕೋರ್ಟಿನಲ್ಲಿ ಅದೇ ಹಿರಿಯರು ಸಾಕ್ಷಿಗೆ ಬಂದು "ಗಂಡ ಹೆಂಡತಿ ಸಣ್ಣ ಜಗಳ ಇತ್ತು, ರೊಕ್ಕದ ಮಾತು ನಮಗೆ ಗೊತ್ತಿಲ್ಲ" ಅಂತ ಹೇಳಿ ಹೋಗುತ್ತಾರೆ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಸುಟ್ಟೋ ಬೇರೆ ಅಸಹಜ ರೀತಿಯಲ್ಲೋ ಸತ್ತರೆ, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಇತ್ತು ಅಂತ ತೋರಿಸಿದರೆ, ಗಂಡನ ಮನೆಯವರೇ ಕಾರಣ ಅಂತ ಕೋರ್ಟು ಭಾವಿಸಬೇಕು. ಹಾಗಲ್ಲ ಅಂತ ತೋರಿಸೋ ಭಾರ ಆಗ ಅವರ ಮೇಲೆ. ಹಳೆಯ ದಂಡ ಸಂಹಿತೆ, ಅಂದರೆ ಐಪಿಸಿಯ 304ಬಿ ಸೆಕ್ಷನ್ ಅದು. 2024ರ ಜುಲೈ 1ರಿಂದ ಅದರ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಸೆಕ್ಷನ್, ಶಿಕ್ಷೆ 7 ವರ್ಷದಿಂದ ಜೀವಾವಧಿವರೆಗೆ. ಆದರೆ ಆ "ಸ್ವಲ್ಪ ಮುಂಚೆ ಹಿಂಸೆ ಇತ್ತು" ಅನ್ನೋದನ್ನು ತೋರಿಸಬೇಕಾದವರು ನಾವು. ಚೀಟಿಯಿಲ್ಲದ ರಾಜಿ ಅದನ್ನೇ ಅಳಿಸಿ ಹಾಕುತ್ತದೆ. ನಿಮ್ಮ ಮಗಳು ಬದುಕಿದ್ದಾಳೆ, ನಿಮ್ಮ ಮನೆಯಲ್ಲೇ ಇದ್ದಾಳೆ, ಅದಕ್ಕೇ ಈಗಲೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಹಾಗಾಗಿ ಭಾನುವಾರಕ್ಕಿಂತ ಮುಂಚೆ ಎರಡು ಕೆಲಸ ಮುಗಿಸಿ. ಮಗಳನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಂಡ ಹೊಡೆದ ಅಂತಲೇ ಡಾಕ್ಟರಿಗೆ ಹೇಳಲಿ, ಎಂಎಲ್‌ಸಿ ಮಾಡಿಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಗಾಯದ ದಾಖಲೆ. ಮರ್ಯಾದೆಗೆ ಅಂಜಿ "ಜಾರಿ ಬಿದ್ದೆ" ಅಂತ ಒಂದು ಸಲ ಬರೆಸಿದರೆ, ಎದುರು ಪಕ್ಷದ ವಕೀಲರು ಐದು ವರ್ಷ ಅದೇ ಕಾಗದ ಹಿಡಿದು ಮಾತಾಡುತ್ತಾರೆ. ಎರಡನೆಯದು, ಠಾಣೆಗೆ ಲಿಖಿತ ದೂರು ಕೊಟ್ಟು ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ಎಫ್‌ಐಆರ್ ಆದರೆ ಅದರ ನಕಲು ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ತಗೊಳ್ಳದಿದ್ದರೆ ಅದೇ ದೂರನ್ನು ಮೇಲಿನ ಪೊಲೀಸ್ ಅಧಿಕಾರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿ, ಜಿಲ್ಲೆಯಲ್ಲಿ ಎಸ್‌ಪಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು ಇದೆ.

ಆಮೇಲೆ ಪಂಚಾಯ್ತಿಗೆ ಕೂತುಕೊಳ್ಳಿ. ಏನು ಕೇಳಿದರು, ಯಾರು ಹೊಡೆದರು, ಇನ್ನು ಮುಂದೆ ಏನು ಒಪ್ಪಿದರು, ಎಲ್ಲಾ ಬರೆದು ಎರಡೂ ಕಡೆಯವರು ಮತ್ತು ಹಿರಿಯರು ಸಹಿ ಹಾಕಲಿ. ಸಹಿ ಹಾಕೋಕೆ ಹಿಂಜರಿಯುವ ಹಿರಿಯರು ಯಾಕೆ ಬಂದಿದ್ದಾರೆ ಅಂತ ಕೇಳಿ. ಮತ್ತೆ, ಹೋಗೋದು ಬಿಡೋದು ಮಗಳು ಹೇಳಲಿ. ಅವಳನ್ನು ಒಳಮನೆಯಲ್ಲಿ ಕೂರಿಸಿ ಹೊರಗೆ ಗಂಡಸರು ತೀರ್ಮಾನ ಮಾಡೋದು ಬೇಡ.

ಅದೇ ತಂದೆ: ಬಂಗಾರ ಎಲ್ಲಾ ಅತ್ತೆಯ ಕಪಾಟಿನಲ್ಲಿದೆ ಮೇಡಂ. ಅದು ಹೋದಂಗೇನಾ?

ಉತ್ತರ: ಇಲ್ಲ. ಅದು ಅವಳ ಸ್ತ್ರೀಧನ, ಅಂದರೆ ಅವಳೊಬ್ಬಳದೇ ಆಸ್ತಿ. ಅತ್ತೆ ಕಪಾಟಿನಲ್ಲಿ ಇಟ್ಟರೂ ಅವಳದೇ. ವಾಪಸ್ ಕೊಡದಿದ್ದರೆ ನಂಬಿಕೆದ್ರೋಹದ ಕೇಸ್ ಹಾಕಬಹುದು ಅಂತ ಸುಪ್ರೀಂ ಕೋರ್ಟು 1985ರಲ್ಲೇ ಪ್ರತಿಭಾ ರಾಣಿ ಕೇಸಿನಲ್ಲಿ ಹೇಳಿದೆ. ಅಂಗಡಿ ರಸೀದಿ, ಮದುವೆ ಫೋಟೋ, ವಿಡಿಯೋ ಹುಡುಕಿ ಇಡಿ.

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ, ಯಾದಗಿರಿ): ನನಗೆ ಗಂಡ ಜೈಲಿಗೆ ಹೋಗೋದು ಬೇಡ. ಎರಡು ಮಕ್ಕಳಿವೆ. ಹೊಡೆಯೋದು ನಿಲ್ಲಬೇಕು ಅಷ್ಟೇ. ಮನೆ ಅತ್ತೆಯ ಹೆಸರಲ್ಲಿದೆ, ದುಡ್ಡು ತರದಿದ್ದರೆ ಹೊರಗೆ ಹೋಗು ಅಂತಾರೆ. ವಕೀಲರಿಗೆ ಕೊಡೋಕೆ ನನ್ನ ಹತ್ತಿರ ಏನೂ ಇಲ್ಲ.

ಉತ್ತರ: ನಿಮ್ಮಂಥವರಿಗಾಗಿಯೇ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇದೆ. ಬಹಳ ಜನ ಕೇಸ್ ಅಂದರೆ ಪೊಲೀಸ್, ಜೈಲು ಅಂತಲೇ ಅಂದುಕೊಳ್ಳುತ್ತಾರೆ, ಅದಕ್ಕೇ ಸುಮ್ನೆ ಸಹಿಸಿಕೊಂಡು ಕೂತಿರುತ್ತಾರೆ. ಈ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರು ಹೊಡೆಯಬಾರದು ಅಂತ ರಕ್ಷಣಾ ಆದೇಶ ಕೊಡುತ್ತಾರೆ, ಮನೆಯಿಂದ ಹಾಕಬಾರದು ಅಂತ ಆದೇಶ ಕೊಡುತ್ತಾರೆ, ಖರ್ಚಿಗೆ ಹಣ, ಮಕ್ಕಳನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳೋದು, ಎಲ್ಲಾ ಒಂದೇ ಅರ್ಜಿಯಲ್ಲಿ ಕೇಳಬಹುದು. ಅಪಾಯ ಇದೆ ಅಂತ ಕಂಡರೆ ಗಂಡ ಬರುವ ಮುಂಚೆಯೇ ಮಧ್ಯಂತರ ಆದೇಶ ಆಗುತ್ತದೆ. ಅವನು ಆ ಆದೇಶ ಮುರಿದರೆ ಮಾತ್ರ ಒಂದು ವರ್ಷದವರೆಗೆ ಜೈಲಿನ ಮಾತು ಬರುತ್ತದೆ.

ಮನೆ ಅತ್ತೆ ಹೆಸರಲ್ಲಿರೋದು ಅಡ್ಡಿಯಲ್ಲ. ನೀವು ಸಂಸಾರ ಮಾಡಿದ ಮನೆ ಗಂಡನ ಸಂಬಂಧಿಕರದ್ದಾದರೂ ಅಲ್ಲಿ ಇರುವ ಹಕ್ಕು ಕೇಳಬಹುದು ಅಂತ 2020ರಲ್ಲಿ ಸತೀಶ್ ಚಂದರ್ ಅಹುಜಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು.

ನಿಮ್ಮ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ, ನಮ್ಮಲ್ಲಿ ಈ ಕಾಯ್ದೆಗೆ ಅವರೇ ಸಂರಕ್ಷಣಾಧಿಕಾರಿ. ದಾರಿ ಗೊತ್ತಾಗದಿದ್ದರೆ ಅಂಗನವಾಡಿ ಟೀಚರ್ ಕೇಳಿ. ಅವರು ನಿಮ್ಮ ಮಾತು ಬರೆದುಕೊಂಡು ಕೋರ್ಟಿಗೆ ವರದಿ ಕಳಿಸಬೇಕು. ವಕೀಲರ ದುಡ್ಡಿನ ಚಿಂತೆ ಬಿಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ. ಕಚೇರಿ ಕೋರ್ಟ್ ಆವರಣದಲ್ಲೇ ಇರುತ್ತದೆ, ಫೋನ್ 15100. ರಾತ್ರಿ ಏನಾದರೂ ಆದರೆ 112, ಮಾತಾಡೋಕೆ ಮಹಿಳಾ ಸಹಾಯವಾಣಿ 181. ಕಾಯ್ದೆಯಲ್ಲಿ 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಅಂತಿದೆ. ಆದರೆ ಜಾಸ್ತಿ ಎಳೆಯುತ್ತದೆ, ಸುಳ್ಳು ಹೇಳಲಾರೆ. ಅದಕ್ಕೇ ಮಧ್ಯಂತರ ಆದೇಶ ಮೊದಲ ದಿನವೇ ಕೇಳಿ.

ಪ್ರಶ್ನೆ (ಬೀದರ್): ನನ್ನ ತಂಗಿಯನ್ನು ಜಹೀರಾಬಾದ್ ಕಡೆ ಕೊಟ್ಟಿದ್ದೇವೆ. ಇಲ್ಲಿ ಠಾಣೆಗೆ ಹೋದರೆ "ಅದು ತೆಲಂಗಾಣ, ಅಲ್ಲೇ ಹೋಗಿ" ಅಂದರು.

ಉತ್ತರ: ಅಲ್ಲಿಗೆ ಹೋಗಬೇಕಾಗಿಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ಅರ್ಧ ಬೀಗತನ ಗಡಿ ಆಚೆಗೇ ಇರುತ್ತದೆ, ಜಹೀರಾಬಾದ್, ನಾರಾಯಣಪೇಟ, ಸೊಲ್ಲಾಪುರ, ಉದಗೀರ. ಹಿಂಸೆ ತಾಳಲಾರದೆ ಹೆಣ್ಣುಮಗಳು ಎಲ್ಲಿ ಬಂದು ಆಶ್ರಯ ಪಡೆದಿದ್ದಾಳೋ ಅಲ್ಲಿಯೂ ಕೇಸ್ ನಡೆಸಬಹುದು ಅಂತ 2019ರ ರೂಪಾಲಿ ದೇವಿ ತೀರ್ಪು ಇದೆ. ಇನ್ನು ಎಫ್‌ಐಆರ್ ಅಂತೂ, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು. ಅದನ್ನೇ ಜೀರೋ ಎಫ್‌ಐಆರ್ ಅನ್ನೋದು. ದೂರಿನಲ್ಲಿ ಈ ತೀರ್ಪಿನ ಹೆಸರು ಬರೆದುಕೊಂಡು ಹೋಗಿ.

ಪ್ರಶ್ನೆ (ಹುಮನಾಬಾದ್, ಯುವಕ): ಎಲ್ಲಾ ಹೆಣ್ಣುಮಕ್ಕಳ ಪರವೇ ಹೇಳುತ್ತಿದ್ದೀರಿ. ಗಂಡನ ಮನೆಯವರ ಹಿಂಸೆಗೆ ಹಾಕುವ 498ಎ ಸೆಕ್ಷನ್ ಎಷ್ಟು ದುರ್ಬಳಕೆ ಆಗುತ್ತಿದೆ ಅದೂ ಹೇಳಿ. ನಮ್ಮ ಪಕ್ಕದ ಮನೆಯಲ್ಲಿ ಮದುವೆಯಾಗಿ ಹೋದ ನಾದಿನಿ ಮೇಲೂ ಕೇಸ್ ಹಾಕಿದ್ದಾರೆ.

ಉತ್ತರ: ಆಗುತ್ತದೆ, ಇಲ್ಲ ಅನ್ನೋದಿಲ್ಲ. ದೂರು ಬರೆಯುವಾಗ ಮನೆಮಂದಿಯ ಹೆಸರೆಲ್ಲಾ ಸೇರಿಸೋ ಚಟ ನಮ್ಮ ಕೆಲವು ವಕೀಲರಿಗೇ ಇದೆ. ನನ್ನ ಕಕ್ಷಿದಾರರಿಗೆ ನಾನು ಹೇಳೋದು ಒಂದೇ, ಯಾರು ಏನು ಮಾಡಿದರೋ ಅವರ ಹೆಸರು, ಅವರ ಕೆಲಸ, ದಿನ. ಮಾಡದವರನ್ನು ಸೇರಿಸಿದರೆ ಮಾಡಿದವನೂ ತಪ್ಪಿಸಿಕೊಳ್ಳುತ್ತಾನೆ. ಇನ್ನು ಅರೆಸ್ಟ್ ವಿಷಯ. 2014ರ ಅರ್ನೇಶ್ ಕುಮಾರ್ ತೀರ್ಪಿನ ನಂತರ ದೂರು ಬಂದ ಕೂಡಲೇ ಎತ್ತಿಕೊಂಡು ಹೋಗುವಂತಿಲ್ಲ, ಅರೆಸ್ಟ್ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆಯಬೇಕು. ನೀವು ಹೇಳಿದ 498ಎ ಈಗ ನ್ಯಾಯ ಸಂಹಿತೆಯ 85ನೇ ಸೆಕ್ಷನ್. ನಿಮ್ಮ ಪಕ್ಕದ ಮನೆಯ ನಾದಿನಿ ತನ್ನ ಮೇಲಿನ ಕೇಸ್ ರದ್ದು ಮಾಡಿ ಅಂತ ಹೈಕೋರ್ಟಿಗೆ ಹೋಗಬಹುದು. ಕಲಬುರಗಿಯಲ್ಲೇ ಪೀಠ ಇದೆ, ಬೆಂಗಳೂರಿನವರೆಗೂ ಓಡಾಡಬೇಕಿಲ್ಲ. ಅವರಿಗೆ ಅನ್ಯಾಯ ಆಗಿದ್ದರೆ ಅವರ ಪರವೂ ನಿಲ್ಲುತ್ತೇನೆ. ಆದರೆ ದೇಶದಲ್ಲಿ ವರದಕ್ಷಿಣೆ ಸಾವು ಅಂತ ಪೊಲೀಸ್ ಲೆಕ್ಕಕ್ಕೆ ಬಂದದ್ದು 2023ರಲ್ಲಿ 6 ಸಾವಿರಕ್ಕೂ ಜಾಸ್ತಿ. ಅವು ಯಾವ ದುರ್ಬಳಕೆ ಹೇಳಿ?

ಪ್ರಶ್ನೆ (ನರ್ಸ್, ಕಲಬುರಗಿ): ಸುಟ್ಟ ಕೇಸು ಬಂದಾಗ ಅತ್ತೆ ಮನೆಯವರು ಹಾಸಿಗೆ ಬಿಟ್ಟು ಕದಲೋದಿಲ್ಲ. ಹುಡುಗಿ "ಸ್ಟೋವ್ ಸಿಡಿಯಿತು" ಅಂತಾಳೆ, ಅವರು ಹೊರಗೆ ಹೋದಾಗ ಬೇರೆ ಹೇಳುತ್ತಾಳೆ. ನಾವು ಏನು ಮಾಡಬೇಕು?

ಉತ್ತರ: ಇದನ್ನು ಕೇಳಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ. ಅವಳು ಬೇರೆ ಮಾತು ಹೇಳಿದ ತಕ್ಷಣ ಡ್ಯೂಟಿ ಡಾಕ್ಟರಿಗೆ ತಿಳಿಸಿ, ಕೇಸ್ ಶೀಟಿನಲ್ಲಿ ಅವಳ ಮಾತಲ್ಲೇ, ಸಮಯ ಹಾಕಿ ಬರೆಸಿ. ಮರಣ ಹೇಳಿಕೆಗೆ ಮ್ಯಾಜಿಸ್ಟ್ರೇಟರು ಬಂದರೆ ಒಳ್ಳೆಯದು, ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು ಬರುತ್ತಾರೆ. ಅವರು ಬರೋತನಕ ಕಾಯಲಾಗದಿದ್ದರೆ ಡಾಕ್ಟರು ಬರೆದದ್ದೂ ಸಾಕ್ಷಿಯೇ. ಮಾತಾಡುವ ಸ್ಥಿತಿಯಲ್ಲಿದ್ದಾಳೆ ಅಂತ ಡಾಕ್ಟರು ಬರೆದು ಸಹಿ ಹಾಕಲಿ. ಆ ಹೊತ್ತಿಗೆ ಎರಡೂ ಕಡೆಯ ಸಂಬಂಧಿಕರು ಹೊರಗಿರಬೇಕು, ತವರಿನವರೂ ಸೇರಿ. ಮೊದಲು ಒಂದು, ಆಮೇಲೆ ಇನ್ನೊಂದು ಹೇಳಿಕೆ ಇದ್ದರೆ ಕೋರ್ಟಿನಲ್ಲಿ ಕಷ್ಟ ಆಗುತ್ತದೆ, ಆದರೆ ಮೊದಲನೆಯದು ಯಾರ ಎದುರು ಹೇಳಿದ್ದು ಅಂತ ದಾಖಲೆ ಇದ್ದರೆ ನಮಗೆ ವಾದ ಮಾಡೋಕೆ ಜಾಗ ಸಿಗುತ್ತದೆ.

ಪ್ರಶ್ನೆ: ಪಕ್ಕದ ಮನೆಯಲ್ಲಿ ರಾತ್ರಿ ಕಿರುಚಾಟ ಕೇಳುತ್ತದೆ. ನಾವು ಹೇಳಿದರೆ ನಮ್ಮ ಮೇಲೆ ಬರುತ್ತಾ?

ಉತ್ತರ: ಇಲ್ಲ. ಒಳ್ಳೆಯ ಉದ್ದೇಶದಿಂದ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರೋದಿಲ್ಲ ಅಂತ 2005ರ ಕಾಯ್ದೆಯಲ್ಲೇ ಇದೆ. ಕಿರುಚಾಟ ಕೇಳಿದ ಹೊತ್ತಲ್ಲೇ 112ಕ್ಕೆ ಮಾಡಿ. ಏನೂ ಆಗದಿದ್ದರೆ ಬಾಗಿಲಾದರೂ ಬಡಿಯಿರಿ, ಸಕ್ಕರೆ ಕೇಳಿ.

ಪ್ರಶ್ನೆ (ಶಹಾಪುರ, ಯುವಕ, 27 ವರ್ಷ): ನನ್ನ ಮದುವೆ ಮೇ ತಿಂಗಳಲ್ಲಿ. ಸರ್ಕಾರಿ ನೌಕರಿ ಅಂತ ಅಪ್ಪ ಹತ್ತು ತೊಲ ಮತ್ತು ಕಾರು ಮಾತಾಡಿದ್ದಾರೆ. ನಾನು ಕೇಳಿಲ್ಲ. ಬೇಡ ಅಂದರೆ ಮನೆಯಲ್ಲಿ ರಂಪ ಆಗುತ್ತದೆ. ನನ್ನ ತಪ್ಪೇನಿದೆ?

ಉತ್ತರ: ಬಾಯಿ ಬಿಟ್ಟು ಕೇಳೋದು ಎಲ್ಲರಿಗೂ ಅಪ್ಪ, ಮಾವ, ಇಲ್ಲ ಮಧ್ಯಸ್ಥ. ವರ ಯಾವತ್ತೂ ಕೇಳಿರೋದಿಲ್ಲ, ಅಲ್ವಾ? ಕೊಡುತ್ತೇವೆ ಅಂತ ಒಪ್ಪಿಕೊಂಡದ್ದೂ ಕಾನೂನಿನಲ್ಲಿ ವರದಕ್ಷಿಣೆಯೇ, ಕೈಗೆ ಬಂದಿರಲೇಬೇಕು ಅಂತಿಲ್ಲ. ತಗೊಳ್ಳೋಕೆ ಕುಮ್ಮಕ್ಕು ಕೊಟ್ಟವರಿಗೂ ಶಿಕ್ಷೆ ಇದೆ. ನೌಕರಿಯಲ್ಲಿರುವ ನಿಮಗೆ ಇಲಾಖೆಯ ವಿಚಾರಣೆ ಬೇರೆ.

ರಂಪ ಆಗುತ್ತದೆ, ಆಗಲಿ. ನಾಲ್ಕು ದಿನ ಅಪ್ಪ ಊಟ ಬಿಡುತ್ತಾರೆ. ಹೆಣ್ಣಿನ ಅಪ್ಪ ಮಾಡೋ ಸಾಲ ನಾಲ್ಕು ದಿನಕ್ಕೆ ತೀರೋದಿಲ್ಲ. ಮಧ್ಯಸ್ಥರ ಕೈಲಿ ಹೇಳಿಸಬೇಡಿ, ಅವರು ಅರ್ಧ ಹೇಳುತ್ತಾರೆ. ನೀವೇ ಹುಡುಗಿಗೆ ಮತ್ತು ಅವಳ ಅಪ್ಪನಿಗೆ ಫೋನ್ ಮಾಡಿ, ಕಾರು ಬೇಡ, ಬಂಗಾರ ಬೇಡ ಅಂತ ಹೇಳಿ, ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಅವರು ಮಗಳಿಗೆ ಪ್ರೀತಿಯಿಂದ ಏನಾದರೂ ಕೊಟ್ಟರೆ ಅದನ್ನು ಪಟ್ಟಿ ಮಾಡಿ ಎರಡೂ ಕಡೆ ಸಹಿ ಹಾಕಿ, ಅದಕ್ಕೆ 1985ರ ನಿಯಮವೇ ಇದೆ. ಪಟ್ಟಿಯ ಪ್ರತಿ ಹುಡುಗಿಯ ಹತ್ತಿರ ಇರಲಿ.

ಅದೇ ಯುವಕ: ಅವರು ಈಗಾಗಲೇ ಬಂಗಾರಕ್ಕೆ ಅಡ್ವಾನ್ಸ್ ಕೊಟ್ಟಿರಬಹುದು ಮೇಡಂ.

ಉತ್ತರ: ಹಾಗಾದರೆ ಇವತ್ತೇ ಮಾಡಿ. ಎಷ್ಟು ಗಂಟೆಯಾದರೂ ಎತ್ತುತ್ತಾರೆ, ಬೀಗರ ಫೋನಿಗೆ ಹೆಣ್ಣಿನ ಮನೆಯವರು ಎರಡನೇ ರಿಂಗ್ ಆಗೋಕೆ ಬಿಡೋದಿಲ್ಲ.